ಒಂದು ಗಂಟೆಯ ಭಾಷಣ, ಎರಡು ಕಾಲಂ ಸುದ್ದಿ

ಏಪ್ರಿಲ್ ಕೊನೆಯಾಯಿತೆಂದರೆ ಪುಣೆಯ ತಿಲಕ್ ಸ್ಮಾರಕ ಮಂದಿರದಲ್ಲಿ ದಿನಾ ಸಂಜೆ ಭಾಷಣ. ಇದು ವಸಂತ ವ್ಯಾಖ್ಯಾನಮಾಲೆ. ರಾಜಕೀಯ, ಅರ್ಥವ್ಯವಸ್ಥೆ, ಪತ್ರಿಕೋದ್ಯಮ, ಗಡಿಯಾಚೆಗಿನ ಯುದ್ಧ, ಸಾಹಿತ್ಯ ಎಲ್ಲವೂ ಇಲ್ಲಿಗೆ ಸಲ್ಲುತ್ತವೆ. ಮಹಾದೇವ ಗೋವಿಂದ ರಾನಡೆ ಪುಣೆಯಲ್ಲಿ ಸಬ್‌ಜಡ್ಜ್ ಆಗಿದ್ದಾಗ, 1875ರಲ್ಲಿ, ಶುರು ಮಾಡಿಸಿದ ಉಪನ್ಯಾಸ ಸರಣಿಯಿದು. 2025ಕ್ಕೆ ನೂರೈವತ್ತು ವರ್ಷವಾಯಿತು. ಬೇಸಿಗೆಯ ಧಗೆಯಲ್ಲಿ ಜನ ಬಂದು ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಮಾತು ಕೇಳುವ ಈ ಅಭ್ಯಾಸ ಕಾಂಗ್ರೆಸ್ ಹುಟ್ಟುವುದಕ್ಕೂ ಹತ್ತು ವರ್ಷ ಮೊದಲಿನದು.

ಫೋನಿನಲ್ಲಿ ಎಲ್ಲ ಸಿಗುವಾಗ ಭಾಷಣಕ್ಕೆ ಯಾಕೆ ಹೋಗಬೇಕು ಎಂದು ಇಂದಿನ ಹುಡುಗರು ಕೇಳಿದರೆ ತಪ್ಪೇನಿಲ್ಲ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಫೋನಿನಲ್ಲಿ ಸಿಗುವುದು ಭಾಷಣವೇ? ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ನೂರು, ನೂರಿಪ್ಪತ್ತು ಪದ ಆಡುವವರು ಒಂದು ಗಂಟೆ ಮಾತಾಡಿದರೆ ಆರೇಳು ಸಾವಿರ ಪದಗಳಾದವು. ಮರುದಿನದ ಪತ್ರಿಕೆಯಲ್ಲಿ ಅದಕ್ಕೆ ಸಿಗುವುದು ಎರಡು ಕಾಲಂ, ಅಂದರೆ ಇನ್ನೂರು ಪದ. ಮೂವತ್ತು ಮಾತಿನಲ್ಲಿ ಒಂದು ಉಳಿಯಿತು, ಇಪ್ಪತ್ತೊಂಬತ್ತು ಬಿದ್ದುಹೋದವು. ಫೋನಿಗೆ ಬರುವ ಮುಕ್ಕಾಲು ನಿಮಿಷದ ತುಣುಕಿನಲ್ಲಿ ಅಷ್ಟೂ ಇರುವುದಿಲ್ಲ. ಉಳಿಸಿಕೊಳ್ಳುವ ಆ ಒಂದು ಮಾತು ಯಾವುದು ಎಂದು ತೀರ್ಮಾನಿಸುವವರು ಭಾಷಣಕಾರರೂ ಅಲ್ಲ, ಕೇಳುಗರೂ ಅಲ್ಲ. ಸಭೆಯಲ್ಲಿ ಆಡಿದ ಮಾತು ಹೊರಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಪುಣೆಯಲ್ಲಿ ಸಿಗುವಷ್ಟು ಹಳೆಯ ದಾಖಲೆಗಳು ನಮ್ಮ ಭಾಗದಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಆ 1875ರಲ್ಲೇ ಸ್ವಾಮಿ ದಯಾನಂದ ಸರಸ್ವತಿ ಪುಣೆಗೆ ಬಂದು ಭಾಷಣ ಮಾಡಿದರು. ಕರೆಸಿದವರಲ್ಲಿ ರಾನಡೆಯೂ ಇದ್ದರು. ಆ ಮಾತುಗಳಲ್ಲಿ ಹದಿನೈದು ಇಂದಿಗೂ ಓದಲು ಸಿಗುತ್ತವೆ. ಅವರು ಹಿಂದಿಯಲ್ಲಿ ಮಾತಾಡಿದ್ದನ್ನು ಕೇಳಿದವರು ಮರಾಠಿಯಲ್ಲಿ ಸಾರಾಂಶ ಬರೆದು ಅಚ್ಚು ಹಾಕಿಸಿದ್ದರಿಂದ ಅವು ಉಳಿದವು. ನಾವು ಓದುವುದು ಸ್ವಾಮಿಗಳ ಮಾತನ್ನು ಎನ್ನುವುದಕ್ಕಿಂತ ಕೇಳಿದವರ ಟಿಪ್ಪಣಿಯನ್ನು ಎನ್ನುವುದೇ ಸರಿ.

ಆಗಿನ ಪುಣೆಯಲ್ಲಿ ಇನ್ನೂ ಒಂದು ಪ್ರಶ್ನೆ ಎದ್ದಿತ್ತು: ಜನರ ಪರವಾಗಿ ಮಾತಾಡುತ್ತೇನೆ ಎನ್ನುವವರಿಗೆ ಆ ಅಧಿಕಾರ ಕೊಟ್ಟವರು ಯಾರು? 1870ರಲ್ಲಿ ಹುಟ್ಟಿದ ಸಾರ್ವಜನಿಕ ಸಭೆ ಇದಕ್ಕೆ ವಕೀಲಿ ಬುದ್ಧಿಯ ಉತ್ತರವನ್ನೇ ಕಂಡುಕೊಂಡಿತು. ಸದಸ್ಯರಾಗಬೇಕಾದರೆ ಕನಿಷ್ಠ ಐವತ್ತು ಜನ ವಯಸ್ಕರ ಸಹಿ ಇರುವ ಮುಖ್ತ್ಯಾರುನಾಮೆ ತರಬೇಕು. ಅಂದರೆ ಸರಕಾರದ ಮುಂದೆ ಬಾಯಿ ತೆರೆಯುವ ಪ್ರತಿಯೊಬ್ಬರ ಬೆನ್ನಿಗೂ ಐವತ್ತು ಜನರ ಕಾಗದ. ಈಗಿನ ಟಿವಿ ಚರ್ಚೆಗಳಲ್ಲಿ ‘ದೇಶ ಕೇಳುತ್ತಿದೆ’ ಎಂದು ಕೂಗುವವರಿಗೆ ಈ ನಿಯಮ ಹಾಕಿದರೆ ಎಷ್ಟು ಜನ ಕೂತಿರುತ್ತಾರೋ! ಅಷ್ಟಾದರೂ ಆ ಸಭೆಯ ಮೇಲೆ ಅದೇ ಊರಿನ ಜ್ಯೋತಿಬಾ ಫುಲೆ ಅವರ ಆಕ್ಷೇಪ ನಿಂತೇ ಇತ್ತು. ಶೂದ್ರರು, ಅತಿಶೂದ್ರರು, ರೈತರು ಇಲ್ಲದ ಸಭೆ ಎಲ್ಲರ ಸಭೆ ಹೇಗಾದೀತು ಎಂಬುದು ಅವರ ವಾದ. 1885ರಲ್ಲಿ ಮರಾಠಿ ಗ್ರಂಥಕರ್ತರ ಸಭೆಗೆ ರಾನಡೆ ಕರೆದಾಗ ಫುಲೆ ಹೋಗಲಿಲ್ಲ, ಯಾಕೆ ಬರುವುದಿಲ್ಲ ಎಂದು ಕಾಗದ ಬರೆದರು. ಆ ಕಾಗದವೂ ಉಳಿದಿದೆ, ಮತ್ತು ಆ ಸಭೆಯಲ್ಲಿ ನಡೆದ ಭಾಷಣಗಳಿಗಿಂತ ಹೆಚ್ಚು ಜನ ಅದನ್ನು ಓದಿದ್ದಾರೆ. ವೇದಿಕೆಯ ಮೇಲೆ ಯಾರಿದ್ದಾರೆ ಎಂಬುದರ ಜೊತೆಗೆ ಯಾರಿಲ್ಲ ಎಂಬುದನ್ನೂ ಗಮನಿಸುವ ಪಾಠವನ್ನು ಪುಣೆ ಅಷ್ಟು ಮೊದಲೇ ಕಲಿತಿತ್ತು. ಪಾಲಿಸಿತೋ ಇಲ್ಲವೋ, ಅದು ಬೇರೆ ಮಾತು.

1897ಕ್ಕೆ ಬರೋಣ. ಪುಣೆಯಲ್ಲಿ ಪ್ಲೇಗ್. ಪ್ಲೇಗ್ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ತಪಾಸಣೆ ಮಾಡಿಸುತ್ತಿದ್ದ. ಜೂನ್ ತಿಂಗಳ ಶಿವಾಜಿ ಉತ್ಸವದಲ್ಲಿ ಭಾಷಣಗಳಾದವು. ಅಫಜಲಖಾನನನ್ನು ಶಿವಾಜಿ ಕೊಂದದ್ದು ಸರಿಯೇ ತಪ್ಪೇ ಎಂಬ ಚರ್ಚೆ ನಡೆಯಿತು, ತಿಲಕರೂ ಮಾತಾಡಿದರು. ಜೂನ್ 15ರಂದು ಅವರದೇ ಪತ್ರಿಕೆ ‘ಕೇಸರಿ’ಯಲ್ಲಿ ಅದರ ವರದಿ ಬಂತು. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವ ಮುಗಿಸಿ ಬರುತ್ತಿದ್ದ ರ‍್ಯಾಂಡ್ ಮೇಲೆ ಗುಂಡು ಬಿತ್ತು. ಮುಂದಿನ ತಿಂಗಳು ತಿಲಕರ ಬಂಧನವಾಯಿತು. ಆರೋಪ ಕೊಲೆಯದ್ದಲ್ಲ, ರಾಜದ್ರೋಹದ್ದು. ಸಾಕ್ಷಿಯಾಗಿ ನಿಂತದ್ದು ಪತ್ರಿಕೆಯಲ್ಲಿ ಅಚ್ಚಾದದ್ದು: ಸಭೆಯ ವರದಿ ಮತ್ತು ಅದರ ಜೊತೆಗಿದ್ದ ಒಂದು ಪದ್ಯ. ಒಂಬತ್ತು ಜನ ಜೂರಿಗಳಲ್ಲಿ ಆರು ಯುರೋಪಿಯನ್ನರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಇತಿಹಾಸದ ಚರ್ಚೆಯೊಂದು ಅಚ್ಚಾದ ಒಂದು ವಾರದಲ್ಲೇ ಬೇರೆ ಅರ್ಥ ತಳೆದಿತ್ತು. ಮಾತು ಬದಲಾಗಿರಲಿಲ್ಲ, ಮಾತಿನ ನಂತರ ನಡೆದ ಘಟನೆ ಹಿಂದಕ್ಕೆ ಹೋಗಿ ಮಾತಿಗೆ ಅಂಟಿಕೊಂಡಿತು. ಇಂದಿಗೂ ಹೀಗೇ ಆಗುತ್ತದೆ. ಯಾವುದೋ ಗಲಭೆಯಾದ ಮೇಲೆ ಯಾರದೋ ಹಳೆಯ ಭಾಷಣದ ತುಣುಕು ಹೊರಗೆ ಬರುತ್ತದೆ; ಅದನ್ನು ಆಡಿದ ದಿನ ಯಾವುದು, ಸಂದರ್ಭ ಯಾವುದು ಎಂದು ಯಾರೂ ಕೇಳುವುದಿಲ್ಲ.

ಅದೇ 1897ರ ಬೇಸಿಗೆಯಲ್ಲಿ ಪುಣೆಯ ಇನ್ನೊಬ್ಬರು ಇಂಗ್ಲೆಂಡಿನಲ್ಲಿದ್ದರು. ಗೋಪಾಲಕೃಷ್ಣ ಗೋಖಲೆ ವೆಲ್ಬಿ ಆಯೋಗದ ಮುಂದೆ ಭಾರತದ ಹಣಕಾಸಿನ ಬಗ್ಗೆ ಸಾಕ್ಷ್ಯ ನುಡಿಯಲು ಹೋಗಿದ್ದರು. ವಯಸ್ಸು ಮೂವತ್ತೊಂದು. ಪುಣೆಯಿಂದ ಸ್ನೇಹಿತರ ಕಾಗದಗಳು ಬರುತ್ತಿದ್ದವು. ಪ್ಲೇಗ್ ತಪಾಸಣೆಯ ನೆಪದಲ್ಲಿ ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆ ಎಂಬ ಸುದ್ದಿ ಅವುಗಳಲ್ಲಿತ್ತು. ಗೋಖಲೆ ಅದನ್ನು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ಹೇಳಿದರು. ದೊಡ್ಡ ಗದ್ದಲವಾಯಿತು, ಸರಕಾರ ಪುರಾವೆ ಕೇಳಿತು. ಊರಿಗೆ ಬಂದು ನೋಡಿದರೆ ಕಾಗದ ಬರೆದವರು ಮುಂದೆ ಬಂದು ಸಾಕ್ಷಿ ಹೇಳಲು ತಯಾರಿಲ್ಲ. ಗೋಖಲೆ ಆಗಸ್ಟ್‌ನಲ್ಲಿ ಯಾವ ಷರತ್ತೂ ಇಲ್ಲದೆ ಬಹಿರಂಗವಾಗಿ ಕ್ಷಮೆ ಕೇಳಿದರು. ಆಂಗ್ಲೋ-ಇಂಡಿಯನ್ ಪತ್ರಿಕೆಗಳು ಕುಣಿದಾಡಿದವು, ನಮ್ಮವರು ಹೇಡಿ ಎಂದರು.

ನನಗೆ ಹಾಗನ್ನಿಸುವುದಿಲ್ಲ. ಆ ದೌರ್ಜನ್ಯಗಳಲ್ಲಿ ಎಷ್ಟು ನಡೆದಿದ್ದವು ಎಂಬುದನ್ನು ಗೋಖಲೆಯ ಕ್ಷಮಾಪಣೆ ತೀರ್ಮಾನಿಸಲಿಲ್ಲ. ಮಾನಕ್ಕೆ, ಪೊಲೀಸರಿಗೆ ಹೆದರಿ ಸಾಕ್ಷಿಗಳು ಹಿಂದೆ ಸರಿಯುವುದನ್ನು ನಾವು ಇಂದಿಗೂ ನೋಡುತ್ತೇವೆ. ಅವರು ಒಪ್ಪಿಕೊಂಡದ್ದು ಇಷ್ಟೇ: ಸಾಬೀತು ಮಾಡಲಾಗದ ಮಾತನ್ನು ಪತ್ರಿಕೆಯಲ್ಲಿ ಆಡಿದೆ, ಆದ್ದರಿಂದ ವಾಪಸ್ ತೆಗೆದುಕೊಳ್ಳುತ್ತೇನೆ. ಅದರ ಬೆಲೆಯನ್ನು ಅವರು ವರ್ಷಗಟ್ಟಲೆ ತೆತ್ತರು. ಮುಂದೆ ಸುಪ್ರೀಂ ಕೌನ್ಸಿಲಿನಲ್ಲಿ ಬಜೆಟ್ ಮೇಲೆ ಮಾತಾಡಲು ಎದ್ದರೆ ಅಧಿಕಾರಿಗಳು ಅಂಕಿಗಳನ್ನು ಹುಡುಕುವಂತಾಗುತ್ತಿದ್ದ ಗೋಖಲೆ ರೂಪುಗೊಂಡದ್ದು ಈ ಪೆಟ್ಟಿನಿಂದಲೂ ಇರಬೇಕು ಎಂಬುದು ನನ್ನ ಊಹೆ. 1915ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ಗಾಂಧೀಜಿಗೆ ಅವರು ಹಾಕಿದ ಕಟ್ಟಳೆಯನ್ನು ನೆನೆಯಿರಿ. ಒಂದು ವರ್ಷ ದೇಶ ಸುತ್ತು, ನೋಡು. ಸಾರ್ವಜನಿಕ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳಬೇಡ. ಗಾಂಧೀಜಿ ಒಪ್ಪಿ ನಡೆದರು. ದೇಶಕ್ಕೆ ಕಾಲಿಟ್ಟ ವಾರದಲ್ಲೇ ಎಲ್ಲದರ ಬಗ್ಗೆ ಮಾತಾಡಬಲ್ಲ ತಜ್ಞರಿರುವ ನಮ್ಮ ಕಾಲಕ್ಕೆ ಇದು ವಿಚಿತ್ರವಾಗಿ ಕಾಣಬಹುದು.

ಈ ಕಥೆಯ ಮುಂದಿನ ಅಧ್ಯಾಯ ನಮ್ಮ ಬೆಳಗಾವಿಯದು. 1916ರ ಏಪ್ರಿಲ್ ಕೊನೆಯಲ್ಲಿ ಅಲ್ಲಿ ಪ್ರಾಂತೀಯ ಪರಿಷತ್ತು ಸೇರಿದಾಗ ತಿಲಕರ ಹೋಮ್ ರೂಲ್ ಲೀಗ್ ಹುಟ್ಟಿತು. ಮೇ 1ರಂದು ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯದ ಬಗ್ಗೆ ಭಾಷಣ ಮಾಡಿದರು, ತಿಂಗಳ ಕೊನೆಗೆ ಅಹಮದ್‌ನಗರದಲ್ಲಿ ಎರಡು. ಸಭೆಯಲ್ಲಿ ಜನರ ನಡುವೆ ಸರಕಾರದ ಶೀಘ್ರಲಿಪಿಕಾರರು ಕೂತು ಬರೆದುಕೊಳ್ಳುತ್ತಿದ್ದರು. ದೇವರನ್ನು ಬದಲಿಸಿ ಎನ್ನುತ್ತಿಲ್ಲ, ಪೂಜಾರಿಯನ್ನು ಬದಲಿಸಿ ಎನ್ನುತ್ತಿದ್ದೇವೆ ಎಂಬ ಧಾಟಿಯಲ್ಲಿ ಚಕ್ರವರ್ತಿಯನ್ನೂ ಅಧಿಕಾರಿಗಳನ್ನೂ ಬೇರೆ ಮಾಡಿ ತೋರಿಸುವುದು ತಿಲಕರ ವಾದದ ಜಾಣತನ. ಹಳ್ಳಿಯವನಿಗೂ ಅರ್ಥವಾಗುವ ಮಾತು, ಕಾನೂನಿನ ಕೈಗೂ ಸುಲಭಕ್ಕೆ ಸಿಗದ ಮಾತು. ಜುಲೈ 23ರಂದು ತಿಲಕರಿಗೆ ಅರವತ್ತು ತುಂಬಿತು. ಅಭಿಮಾನಿಗಳು ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದ ಆ ದಿನವೇ ಸರಕಾರದ ನೋಟಿಸೂ ಕೈಸೇರಿತು: ಒಂದು ವರ್ಷ ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆದುಕೊಡದಿರಲು ಕಾರಣವೇನು? ಜಿಲ್ಲಾ ಮ್ಯಾಜಿಸ್ಟ್ರೇಟ್ ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ ಹತ್ತು ಸಾವಿರದ ಎರಡು ಜಾಮೀನು ಕೇಳಿದರು. ತಿಲಕರು ಬಾಂಬೆ ಹೈಕೋರ್ಟಿಗೆ ಹೋದರು. ಅವರ ಪರ ವಾದಿಸಿದ ವಕೀಲ ಮಹಮ್ಮದಲಿ ಜಿನ್ನಾ.

ನವೆಂಬರ್ 9ರಂದು ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾ ಆ ಆದೇಶವನ್ನು ರದ್ದು ಮಾಡಿದರು. ಬ್ಯಾಚಲರ್ ಅವರ ತರ್ಕ ಸರಳ. ಇಲ್ಲೊಂದು ವಾಕ್ಯ ಅಲ್ಲೊಂದು ಪದ ಹೆಕ್ಕಿ ಭಾಷಣವನ್ನು ಅಳೆಯಬಾರದು. ಪೂರ್ತಿ ಭಾಷಣ ಕೇಳುಗರ ಮೇಲೆ ಒಟ್ಟಾರೆ ಏನು ಪರಿಣಾಮ ಮಾಡುತ್ತದೆ ಎಂದು ನೋಡಬೇಕು. ಹೀಗೆ ನೋಡಲು ಸಾಧ್ಯವಾದದ್ದಾದರೂ ಹೇಗೆ? ಪೂರ್ತಿ ಭಾಷಣ ದಾಖಲೆಯಾಗಿ ಮುಂದಿತ್ತು. ತಿಲಕರನ್ನು ಹಿಡಿಯಲೆಂದು ಸರಕಾರ ಕಳಿಸಿದ ಶೀಘ್ರಲಿಪಿಕಾರನೇ ಅವರು ಪಾರಾಗುವುದಕ್ಕೂ ಕಾರಣನಾದ ಎಂದರೆ ಉತ್ಪ್ರೇಕ್ಷೆಯಾಗಲಾರದು. 1908ರ ರಾಜದ್ರೋಹದ ಮೊಕದ್ದಮೆಯಲ್ಲಿ ತಿಲಕರಿಗೆ ಈ ಅದೃಷ್ಟ ಇರಲಿಲ್ಲ. 1897ರಲ್ಲಿ ಅವರ ಪರ ವಕೀಲರಾಗಿ ಜಾಮೀನು ಕೊಡಿಸಿದ್ದ ದಾವರ್ ಅವರೇ 1908ರಲ್ಲಿ ನ್ಯಾಯಮೂರ್ತಿಯಾಗಿ ಕೂತು ಜಾಮೀನು ನಿರಾಕರಿಸಿ ಆರು ವರ್ಷದ ಶಿಕ್ಷೆ ಕೊಟ್ಟಿದ್ದರು. ಆ ರಾಜದ್ರೋಹದ ಕಲಮನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆ ಹೆಸರು ಹೋಗಿ 152ನೇ ಕಲಮು ಬಂದಿದೆ; ಮಾತೂ ಅದರ ವ್ಯಾಪ್ತಿಯಲ್ಲೇ ಇದೆ. ಆದ್ದರಿಂದ 1916ರ ತೀರ್ಪನ್ನು ಹಳೆಯ ಕಡತ ಎಂದು ಕಟ್ಟಿಡುವ ಹಾಗಿಲ್ಲ.

ಇನ್ನು 1943ರ ಜನವರಿ 18. ರಾನಡೆಯವರ ನೂರಾ ಒಂದನೇ ಜನ್ಮದಿನ. ಅವರೇ ಕಟ್ಟಿದ್ದ ಡೆಕ್ಕನ್ ಸಭೆಯವರು ಭಾಷಣಕ್ಕೆ ಕರೆದದ್ದು ಡಾ. ಅಂಬೇಡ್ಕರ್ ಅವರನ್ನು. ಸ್ಥಳ ಗೋಖಲೆ ಸ್ಮಾರಕ ಭವನ. ನಾಲ್ಕು ವರ್ಷ ಹಿಂದೆ, 1939ರ ಜನವರಿ 29ರಂದು, ಅಂಬೇಡ್ಕರ್ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಕಾಳೆ ಸ್ಮಾರಕ ಉಪನ್ಯಾಸವನ್ನು ಇದೇ ಊರಿನಲ್ಲಿ ಕೊಟ್ಟಿದ್ದರು. 1935ರ ಕಾಯ್ದೆ ತರಲಿದ್ದ ಒಕ್ಕೂಟದಲ್ಲಿ ಸಂಸ್ಥಾನಿಕರ ಪಾತ್ರವೇನು, ಅದರಿಂದ ಸ್ವಾತಂತ್ರ್ಯಕ್ಕೆ ಏನು ಧಕ್ಕೆ ಎಂದು ಕಲಮು ಕಲಮಾಗಿ ಬಿಡಿಸಿ ಹೇಳಿದ ಭಾಷಣ ಅದು. ಈ ಸಲದ್ದು ಬೇರೆ ಬಗೆ. ಬಹುಪಾಲು ರಾನಡೆ ಬಗ್ಗೆಯೇ: ಒಬ್ಬ ಮನುಷ್ಯ ದೊಡ್ಡವನಾಗುವುದು ಯಾವುದರಿಂದ, ಸಮಾಜ ಸುಧಾರಣೆಯನ್ನು ಬಿಟ್ಟ ರಾಜಕೀಯ ಎಲ್ಲಿಗೆ ಮುಟ್ಟುತ್ತದೆ. ಅದರೊಳಗೊಂದು ಭಾಗದಲ್ಲಿ ರಾನಡೆಯನ್ನು ಗಾಂಧಿ ಮತ್ತು ಜಿನ್ನಾ ಜೊತೆ ಹೋಲಿಸಿ, ಇಬ್ಬರ ಹಮ್ಮು ದೇಶದ ರಾಜಕೀಯವನ್ನು ಕಟ್ಟಿಹಾಕಿದೆ ಎಂದು ಕಟುವಾಗಿ ಟೀಕಿಸಿದರು. ವ್ಯಕ್ತಿಪೂಜೆಗೆ ನೀರೆರೆಯುವವರು ಯಾರೆಂದರೆ ಪತ್ರಿಕೆಗಳು ಎಂದರು. ಪತ್ರಿಕೋದ್ಯಮ ಒಂದು ಕಾಲಕ್ಕೆ ವೃತ್ತಿಯಾಗಿತ್ತು, ಈಗ ಸಾಬೂನು ತಯಾರಿಕೆಯಂಥ ವ್ಯಾಪಾರವಾಗಿದೆ. ಬಣ್ಣ ಹಚ್ಚದೆ ಸುದ್ದಿ ಕೊಡುವುದು ತನ್ನ ಮೊದಲ ಕೆಲಸ ಎಂದು ಅದು ತಿಳಿದಿಲ್ಲ ಎಂಬುದು ಅವರ ದೂರಿನ ತಿರುಳು.

ಮುಂದೆ ಏನಾಯಿತು ಎಂದು ಊಹಿಸುವುದು ಕಷ್ಟವಲ್ಲ. ರಾನಡೆ ಬಗ್ಗೆ ಆಡಿದ್ದೆಲ್ಲ ಹಿಂದೆ ಸರಿದು ಗಾಂಧಿ-ಜಿನ್ನಾ ಟೀಕೆಯೇ ಮುಂದೆ ಬಂತು, ಪತ್ರಿಕೆಗಳು ಅಂಬೇಡ್ಕರ್ ಮೇಲೆ ಮುಗಿಬಿದ್ದವು. ಅದೇ ವರ್ಷ ಭಾಷಣವನ್ನು ಪುಸ್ತಕ ಮಾಡಿದಾಗ ಅವರು ಮುನ್ನುಡಿಯಲ್ಲಿ ಈ ಟೀಕೆಗೆ ಉತ್ತರ ಕೊಟ್ಟರು. ಆದರೆ ಪತ್ರಿಕೆಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಅಂಬೇಡ್ಕರ್ ಆಗ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು. ಗಾಂಧೀಜಿ ಅದೇ ಊರಿನ ಆಗಾಖಾನ್ ಅರಮನೆಯಲ್ಲಿ ಅದೇ ಸರಕಾರದ ಬಂದಿ. ಮೂರು ವಾರ ಕಳೆದು, ಫೆಬ್ರುವರಿ 10ರಂದು, ಉಪವಾಸ ಕೂತರು. ಬಾಯಿ ಮುಚ್ಚಿಸಿಕೊಂಡವರ ಮೇಲೆ ಅಧಿಕಾರದಲ್ಲಿರುವವರ ಟೀಕೆ ಎಂದು ಸಂಪಾದಕನೊಬ್ಬ ಬರೆದರೆ ಅದು ಬರೀ ದ್ವೇಷದ ಮಾತಾಗುವುದಿಲ್ಲ. ಎದುರಿಗೆ, ಫುಲೆಯನ್ನು ಒಳಗೊಳ್ಳದ ಸಭೆಗಳ ಪರಂಪರೆಯ ಊರಿನಲ್ಲಿ, ರಾನಡೆ ಹೆಸರಿನ ವೇದಿಕೆಯಿಂದಲೇ ದಲಿತ ನಾಯಕರೊಬ್ಬರು ಇಬ್ಬರು ಮಹಾನಾಯಕರನ್ನು ತೂಗಿ ನೋಡಿದ್ದರ ಮಹತ್ವ ಯಾವ ಶೀರ್ಷಿಕೆಗೂ ಹಿಡಿಯುವಂಥದ್ದಲ್ಲ. ಎರಡೂ ನಿಜ. ಎರಡನ್ನೂ ಒಟ್ಟಿಗೆ ತೂಗಲು ನಮಗೆ ಇಂದು ಸಾಧ್ಯವಾಗುವುದು ಪೂರ್ತಿ ಪಠ್ಯ ಕೈಯಲ್ಲಿರುವುದರಿಂದ.

ಲೋಕದ ವಿದ್ಯಮಾನದ ಭಾಷಣಗಳನ್ನು ಕೇಳುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಊರಿನ ರಾಜಕೀಯವಾದರೆ ನಮಗೂ ಅಷ್ಟಿಷ್ಟು ಗೊತ್ತಿರುತ್ತದೆ. ತೈವಾನ್, ಗಾಜಾ, ಯುಕ್ರೇನ್ ವಿಷಯದಲ್ಲಿ ಹೇಳಿದ್ದನ್ನೇ ನಂಬಬೇಕು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇರುವ ಪುಣೆಯಲ್ಲಿ ನಿವೃತ್ತ ಸೇನಾಧಿಕಾರಿಗಳು ಬಹಳ. ಇಂಥ ಭಾಷಣಗಳ ವೇದಿಕೆಯಲ್ಲಿ ಅವರನ್ನೇ ಹೆಚ್ಚಾಗಿ ಕಾಣುತ್ತೇವೆ. ಅವರ ಅನುಭವ ದೊಡ್ಡದು, ಸುಳ್ಳಲ್ಲ. ಆದರೂ ಅವರ ಮಾತಿನಲ್ಲಿ ಮೂರು ಎಳೆ ಹೆಣೆದುಕೊಂಡಿರುತ್ತವೆ: ನಡೆದದ್ದು, ಅದರಿಂದ ಅವರು ಊಹಿಸಿದ್ದು, ನಡೆಯಲಿ ಎಂದು ಅವರು ಬಯಸುವುದು. ಗಾಲ್ವನ್ ಕಣಿವೆಯ ಘರ್ಷಣೆಯನ್ನು ತೆಗೆದುಕೊಳ್ಳಿ. 2020ರ ಜೂನ್ 15ರಂದು ನಮ್ಮ ಇಪ್ಪತ್ತು ಯೋಧರು ಹುತಾತ್ಮರಾದರು, ಇದು ಸರಕಾರವೇ ಹೇಳಿದ್ದು. ಚೀನಾ ತನ್ನ ನಾಲ್ವರು ಸತ್ತರೆಂದು ಒಪ್ಪಿಕೊಂಡದ್ದು 2021ರ ಫೆಬ್ರುವರಿಯಲ್ಲಿ. ಅದಕ್ಕಿಂತ ಹೆಚ್ಚಿನ ಚೀನೀ ಸಾವುಗಳ ಸಂಖ್ಯೆಗಳು ವೇದಿಕೆಯಿಂದ ವೇದಿಕೆಗೆ ಓಡಾಡುತ್ತವೆ. ನಿಜವಿರಲೂಬಹುದು. ಆದರೆ ಅವು ಊಹೆಯ ಎಳೆಗೆ ಸೇರಿದವು. ಭಾಷಣಕಾರರು ಸಂಖ್ಯೆ ಹೇಳಿ ಮುಂದೆ ಹೋದಾಗ ಸಭಿಕರಲ್ಲಿ ಒಬ್ಬರು, ಮುಗಿದ ಮೇಲೆ, ‘ಸರ್, ಇದು ಎಲ್ಲಿಂದ ಬಂದ ಅಂಕಿ?’ ಎಂದು ವಿನಯದಿಂದ ಕೇಳಿದರೆ ಸಾಕು. ಒಳ್ಳೆಯ ಭಾಷಣಕಾರರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಆತಿಥೇಯರು ಯಾರು ಎಂಬುದನ್ನೂ ನೋಡಬೇಕು. 2011ರಲ್ಲಿ ಶುರುವಾದ ಪುಣೆ ಇಂಟರ್‌ನ್ಯಾಷನಲ್ ಸೆಂಟರ್ ವಿದೇಶಾಂಗ ಸಚಿವಾಲಯದ ಜೊತೆ ಸೇರಿ ಏಷ್ಯಾ ಆರ್ಥಿಕ ಸಂವಾದ ನಡೆಸುತ್ತದೆ. ಅಲ್ಲಿ ಸಚಿವರ, ರಾಯಭಾರಿಗಳ ಮಾತು ನೇರವಾಗಿ ಕೇಳಲು ಸಿಗುತ್ತದೆ, ಇದು ಲಾಭ. ಸರಕಾರ ಸಹ-ಆತಿಥೇಯನಾದ ಮೇಲೆ ಸರಕಾರದ ನೋಟವೇ ಹೆಚ್ಚು ಕೇಳಿಬಂದರೆ ಅಚ್ಚರಿಪಡಬೇಕಾಗಿಲ್ಲ. ಟಿಕೆಟ್ ಇಲ್ಲದ ಸಭೆಗೂ ಯಾರೋ ದುಡ್ಡು ಕೊಟ್ಟಿರುತ್ತಾರೆ.

ಇವೆಲ್ಲ ನಮಗೆ ಪರವೂರಿನ ಸಂಗತಿಗಳಲ್ಲ. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬರುವವರೆಗೆ ಮುಂಬೈ ಕರ್ನಾಟಕದ ಹುಡುಗರು ಬಿ.ಎ.ಗೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಆಲೂರು ವೆಂಕಟರಾಯರು, ಬೇಂದ್ರೆ ಇಬ್ಬರೂ ಫರ್ಗ್ಯುಸನ್ ಕಾಲೇಜಿನವರು. ಆಲೂರರು ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು. ಹಳೆ ಮೈಸೂರಿನ ಕಡೆ ಈ ಪುಣೆಯ ಗಾಳಿಯನ್ನು ಹಿಡಿದವರು ಡಿ.ವಿ. ಗುಂಡಪ್ಪ. ಅವರು ಮೊದಲು ಪತ್ರಕರ್ತರು, ಕಗ್ಗದ ಕವಿಯಾದದ್ದು ಆಮೇಲೆ. ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಪತ್ರಿಕೆ ಎಂದರೇನು, ಅದು ಯಾರಿಗೆ ಹೊಣೆ ಎಂದು ವಿವರಿಸುವ ‘ವೃತ್ತಪತ್ರಿಕೆ’ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಓಟು ಹಾಕಬೇಕಾದವನಿಗೆ ಓಟಿಗೆ ಮುಂಚೆ ರಾಜ್ಯದ ಕಾರುಬಾರು ಅರ್ಥವಾಗಬೇಕು ಎಂಬುದು ಅದರ ಹಿಂದಿನ ಯೋಚನೆ. 1970ರಲ್ಲಿ ನಾಡು ತಮಗೆ ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನೂ ಡಿವಿಜಿ ಆ ಸಂಸ್ಥೆಗೇ ಕೊಟ್ಟುಬಿಟ್ಟರು.

ಈಗ ನಮ್ಮ ಊರುಗಳಲ್ಲಿ ಉಪನ್ಯಾಸ ನಡೆಯುವ ರೀತಿ ನೋಡಿ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಪರಿಚಯ, ಸನ್ಮಾನ, ಮುಖ್ಯ ಅತಿಥಿಗಳ ನುಡಿ. ಭಾಷಣಕಾರರಿಗೆ ಮೈಕು ಸಿಗುವಾಗ ಅರ್ಧ ಸಭೆ ಗಡಿಯಾರ ನೋಡುತ್ತಿರುತ್ತದೆ. ಅಧ್ಯಕ್ಷರು ಭಾಷಣದ ಸಾರವನ್ನು ಮತ್ತೊಮ್ಮೆ ಹೇಳುತ್ತಾರೆ, ವಂದನಾರ್ಪಣೆಯಾಗುತ್ತದೆ. ಪ್ರಶ್ನೆ ಕೇಳಬೇಕೆಂದಿದ್ದವರು ಚಪ್ಪಲಿ ಹುಡುಕುತ್ತಿರುತ್ತಾರೆ. ಮರುದಿನ ಬರುವ ಸುದ್ದಿಯೂ ಎಷ್ಟೋ ಸಲ ಸಂಘಟಕರೇ ಬರೆದು ಕಳಿಸಿದ ಪ್ರಕಟಣೆ. ವರದಿಗಾರರಿಗೆ ಆ ಸಂಜೆ ಇನ್ನೂ ಮೂರು ಕಾರ್ಯಕ್ರಮ ಇರುತ್ತವೆ, ಅವರನ್ನು ದೂರಿ ಫಲವಿಲ್ಲ. ಗಣ್ಯರ ಹೆಸರುಗಳೆಲ್ಲ ಮುಗಿದ ಮೇಲೆ ಜಾಗ ಉಳಿದರೆ ಭಾಷಣದ ಒಂದು ವಾಕ್ಯ.

ಹಣದ ಕೊರತೆ ಇದಕ್ಕೆ ಪೂರ್ತಿ ಕಾರಣವಲ್ಲ. ಧಾರವಾಡದಲ್ಲಿ 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘ, ಕನ್ನಡ ಸಾಹಿತ್ಯ ಪರಿಷತ್ತು ಇಂಥ ಕಡೆ ದತ್ತಿ ಉಪನ್ಯಾಸಗಳಿವೆ: ತಂದೆತಾಯಿಯ, ಗುರುಗಳ ಹೆಸರಿನಲ್ಲಿ ಒಂದಿಷ್ಟು ಮೊತ್ತ ಠೇವಣಿ ಇಟ್ಟರೆ ವರ್ಷವರ್ಷದ ಬಡ್ಡಿಯಲ್ಲಿ ಒಂದು ಭಾಷಣ. ಕಾಳೆ ಉಪನ್ಯಾಸವೂ ಇಂಥ ಸ್ಮಾರಕವೇ. ಅದು ಪುಸ್ತಿಕೆಯಾಗಿ ಅಚ್ಚಾಯಿತು ಎಂಬ ಒಂದೇ ಕಾರಣಕ್ಕೆ 1939ರ ಅಂಬೇಡ್ಕರ್ ವಾದವನ್ನು ನಾವು ಇಂದು ಕಲಮು ಕಲಮಾಗಿ ಒಪ್ಪಬಹುದು, ಇಲ್ಲವೇ ಅಲ್ಲಗಳೆಯಬಹುದು. ಇನ್ನು ಮುಂದೆ ದತ್ತಿ ಇಡುವವರು ಪತ್ರದಲ್ಲೇ ಎರಡು ಷರತ್ತು ಬರೆಸಿಬಿಡಲಿ: ಕೊನೆಯ ಅರ್ಧ ಗಂಟೆ ಪ್ರಶ್ನೆಗೆ, ಬಡ್ಡಿಯಲ್ಲಿ ಅರ್ಧ ಭಾಷಣದ ಅಚ್ಚಿಗೆ. ಶಾಲು, ಹಾರ, ಫಲಪುಷ್ಪದ ಬುಟ್ಟಿಯನ್ನು ಉಳಿದದ್ದರಲ್ಲಿ ನೋಡಿಕೊಂಡರಾಯಿತು.